ಅಪ್ಪನಿಗೆ ಮರ್ಯಾದೆ ಕೊಡುವುದು ಅಂದರೆ ಎಂತ? ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಮಂಗಳೂರಿನ ಬಾಸೆಲ್ ಮಿಷನ್ ಕಡೆಯ ಪ್ರೊಟೆಸ್ಟಂಟ್ ಮನೆತನ. ಗಂಡನ ಮನೆ ಉಡುಪಿ ಕಡೆಯ ಕೊಂಕಣಿ ಕೆಥೊಲಿಕ್. ಹಾಗಾಗಿ ಎರಡೂ ಕಡೆಯ ಪ್ರಶ್ನೆಗಳು ನನ್ನ ಕಿವಿಗೆ ಬೀಳುತ್ತವೆ. ಭಾನುವಾರ ಮಕ್ಕಳಿಗೆ ಪಾಠ ಹೇಳುವಾಗ, ಮದುವೆ ಊಟದ ಪಂಕ್ತಿಯಲ್ಲಿ, ಆಸ್ಪತ್ರೆ ವರಾಂಡದಲ್ಲಿ, ಪತ್ರದಲ್ಲಿ, ವಾಟ್ಸಾಪ್‌ನಲ್ಲಿ ಕೇಳಿದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ನಾನು ಪಾದ್ರಿಯೂ ಅಲ್ಲ, ವಕೀಲಳೂ ಅಲ್ಲ, ಅದು ನೆನಪಿರಲಿ.

## ಮೊದಲಿಗೆ ಕೇಳುವವು

"ತಂದೆತಾಯಿಯನ್ನು ಸನ್ಮಾನಿಸು ಅಂತ ಉಂಟಲ್ಲ, ಹಾಗಂದ್ರೆ ಎಂತ ಮಾಡ್ಬೇಕು?"

ಆ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಸನ್ಮಾನ ಅಂದ ಕೂಡಲೇ ನಮ್ಮೂರಿನವರ ಕಣ್ಣೆದುರು ಬರುವುದು ವೇದಿಕೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಸ್ಮರಣಿಕೆ, ಆಮೇಲೆ ಫೋಟೋ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಆದರೆ ಇದು ಬೈಬಲ್‌ನ ಹತ್ತು ಆಜ್ಞೆಗಳಲ್ಲಿ ಒಂದು; ವಿಮೋಚನಕಾಂಡ 20:12ರಲ್ಲಿ ಮೂಲ ಹೀಬ್ರೂನಲ್ಲಿ ಇರುವ ಪದ ಕಬ್ಬೇದ್, ಅದರ ಬೇರಿನ ಅರ್ಥ ಭಾರ, ತೂಕ. ದೇವರ ಮಹಿಮೆಗೆ ಹೇಳುವ ಪದವೂ ಅದೇ ಬೇರಿನಿಂದ ಬಂದದ್ದು. ಅದರ ಮುಂದಿನ ಅಧ್ಯಾಯದಲ್ಲೇ (21:17) ತಂದೆತಾಯಿಯನ್ನು ಶಪಿಸುವವನ ಮಾತು ಬರುತ್ತದೆ, ಅಲ್ಲಿರುವ ಪದದ ಬೇರು ಹಗುರ ಅನ್ನುವುದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅವರ ಮಾತಿಗೆ ತೂಕ ಉಂಟು ಅನ್ನುತ್ತೇವೆ. ದೊಡ್ಡವರ ಬಗ್ಗೆ ಹಗುರವಾಗಿ ಮಾತಾಡಬೇಡ ಅನ್ನುತ್ತೇವೆ. ಅಷ್ಟೇ ವಿಷಯ.

ಇನ್ನೊಂದು ಸಂಗತಿ ತುಂಬಾ ಜನ ಗಮನಿಸುವುದಿಲ್ಲ. ಈ ಆಜ್ಞೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ, ಆದರೆ ಹತ್ತು ಆಜ್ಞೆಗಳನ್ನು ಮೊದಲು ಕೇಳಿಸಿಕೊಂಡವರಲ್ಲಿ ದೊಡ್ಡವರೇ ಮುಖ್ಯ. ವ್ಯಭಿಚಾರ ಮಾಡಬೇಡ, ಸುಳ್ಳುಸಾಕ್ಷಿ ಹೇಳಬೇಡ, ನೆರೆಯವನ ಮನೆಗೆ ಆಸೆಪಡಬೇಡ ಅನ್ನುವುದೆಲ್ಲ ಎಂಟು ವರ್ಷದ ಹುಡುಗನಿಗೆ ಹೇಳುವ ಮಾತಾ? ಪಿಂಚಣಿ, ಆಸ್ಪತ್ರೆ ಯಾವುದೂ ಇಲ್ಲದ ಕಾಲದಲ್ಲಿ ವಯಸ್ಸಾದ ಅಪ್ಪ ಅಮ್ಮನಿಗೆ ಇದ್ದ ಆಸರೆ ಬೆಳೆದ ಮಕ್ಕಳು ಮಾತ್ರ. ಹಾಗಾಗಿ ಇದು ನಲವತ್ತೈದು ದಾಟಿದ ನಮಗೇ ಹೇಳಿದ್ದು. ಬಿಪಿ ಮಾತ್ರೆ ಮುಗಿಯುವ ಮೊದಲು ತಂದಿಡುವುದು, ಹಿತ್ತಲಿನ ಹಲಸಿನ ಮರ ಕಡಿಸುವ ಮೊದಲು ಒಂದು ಮಾತು ಕೇಳುವುದು, ಅವರು ಹತ್ತನೇ ಸಲ ಹೇಳುವ ಕಥೆ ಮುಗಿಯುವ ತನಕ ಮೊಬೈಲ್ ಕೆಳಗಿಡುವುದು. ಕೊನೆಯದ್ದು ನನಗೂ ಕಷ್ಟ.

"ಇದು ನಾಲ್ಕನೇ ಆಜ್ಞೆಯಾ ಐದನೆಯದ್ದಾ? ನಮ್ಮಲ್ಲಿ ಒಂದು, ಅವರಲ್ಲಿ ಒಂದು ಹೇಳ್ತಾರೆ."

ಎರಡೂ ಸರಿ. ಬೈಬಲ್‌ನಲ್ಲಿ ಆಜ್ಞೆಗಳಿಗೆ ನಂಬರ್ ಹಾಕಿಲ್ಲ. ಕೆಥೊಲಿಕರೂ ಲೂಥರನರೂ ಇದನ್ನು ನಾಲ್ಕನೆಯದು ಅಂತ ಎಣಿಸುತ್ತಾರೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಹೆಚ್ಚಿನ ಪ್ರೊಟೆಸ್ಟಂಟ್ ಸಭೆಗಳಲ್ಲಿ ವಿಗ್ರಹದ ಆಜ್ಞೆಯನ್ನು ಬೇರೆಯಾಗಿ ಎಣಿಸುವುದರಿಂದ ಇದು ಐದನೆಯದಾಗುತ್ತದೆ. ಮದುವೆಯಾದ ಹೊಸದರಲ್ಲಿ ನಾನೂ ನನ್ನ ಮಾವನೂ ಇದೇ ವಿಷಯಕ್ಕೆ ಒಂದು ಸಂಜೆ ಪೂರ್ತಿ ವಾದ ಮಾಡಿದ್ದೇವೆ. ಅಪ್ಪನ ಸಮಾನರಾದವರಿಗೆ ಗೌರವ ಕೊಡುವ ಆಜ್ಞೆಯ ಬಗ್ಗೆ ಅಪ್ಪನ ಸಮಾನರಾದವರ ಜೊತೆಯೇ ಜಗಳ!

"ಫಾದರ್ಸ್ ಡೇ ಕ್ರಿಸ್ತಿಯನ್ನರ ಹಬ್ಬವಾ?"

ಪಂಚಾಂಗದ ಹಬ್ಬ ಅಲ್ಲ, ಆದರೆ ಹುಟ್ಟಿದ್ದು ಚರ್ಚ್‌ನ ಬೆಂಚಿನ ಮೇಲೆ. ಅಮೆರಿಕದ ಸ್ಪೋಕೇನ್ ಊರಿನ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಮಹಿಳೆ 1909ರಲ್ಲಿ ತಾಯಂದಿರ ದಿನದ ಪ್ರಸಂಗ ಕೇಳುತ್ತಾ ಕೂತಿದ್ದಾಗ ನನ್ನ ಅಪ್ಪನಿಗೂ ಒಂದು ದಿನ ಬೇಡವಾ ಅಂತ ಯೋಚಿಸಿದರು. ಅವರ ತಾಯಿ ತೀರಿಕೊಂಡ ಮೇಲೆ ಆರು ಮಕ್ಕಳನ್ನು ಅಪ್ಪನೇ ಒಂಟಿಯಾಗಿ ಸಾಕಿದ್ದರು. 1910ರ ಜೂನ್ 19ಕ್ಕೆ ಅಲ್ಲಿ ಮೊದಲ ಸಲ ಆಚರಿಸಿದರು. ಅಮೆರಿಕ ಸರ್ಕಾರ ಅದಕ್ಕೆ ಕಾನೂನಿನ ಮುದ್ರೆ ಹಾಕಿದ್ದು 1972ರಲ್ಲಿ. ಪೋರ್ಚುಗಲ್, ಇಟಲಿ, ಸ್ಪೇನ್‌ನಂಥ ದೇಶಗಳಲ್ಲಿ ಅಪ್ಪಂದಿರ ದಿನ ಮಾರ್ಚ್ 19, ಅಂದರೆ ಯೇಸುವಿನ ಸಾಕುತಂದೆ ಸಂತ ಜೋಸೆಫರ ಹಬ್ಬದ ದಿನವೇ.

ನಮ್ಮಲ್ಲಿ ಜೂನ್ ಮೂರನೇ ಭಾನುವಾರ ಅಂದರೆ ಧೋ ಅಂತ ಮಳೆ. ಅಪ್ಪಂದಿರೆಲ್ಲ ಒದ್ದೆ ಪ್ಯಾಂಟ್ ಮಡಚಿಕೊಂಡು ಎದುರು ಸಾಲಿನಲ್ಲಿ ನಿಲ್ಲುತ್ತಾರೆ, ಒಂದು ಗುಲಾಬಿಯೋ ಪೆನ್ನೋ ಕೊಡುತ್ತಾರೆ, ನಾಚಿಕೆಯಲ್ಲಿ ಎಲ್ಲಿ ನೋಡುವುದು ಅಂತ ಅವರಿಗೆ ಗೊತ್ತಾಗುವುದಿಲ್ಲ. ನನಗೆ ಅದು ಇಷ್ಟ. ಮಾಡಿದರೆ ತಪ್ಪೇನೂ ಇಲ್ಲ, ಮಾಡದಿದ್ದರೂ ಪಾಪ ಇಲ್ಲ.

"ಸಂತ ಜೋಸೆಫರು ಬೈಬಲ್‌ನಲ್ಲಿ ಒಂದು ಮಾತೂ ಆಡಿಲ್ವಂತೆ, ಹೌದಾ? ಮತ್ತೆ ಅಷ್ಟು ಮಹತ್ವ ಯಾಕೆ?"

ಹೌದು, ನಾಲ್ಕು ಸುವಾರ್ತೆಗಳಲ್ಲಿ ಹುಡುಕಿದರೂ ಅವರ ಬಾಯಿಂದ ಬಂದ ಒಂದು ವಾಕ್ಯ ಸಿಗುವುದಿಲ್ಲ. ನಮ್ಮ ಕಡೆಯ ಹಳೇ ಅಪ್ಪಂದಿರ ಹಾಗೆ! ಆದರೆ ಮಾಡಿದ್ದು ನೋಡಿ. ಕನಸಿನಲ್ಲಿ ದೂತ ಹೇಳಿದ, ಎದ್ದರು, ಮರಿಯಳನ್ನು ಮನೆಗೆ ಕರೆದುಕೊಂಡರು. ಮತ್ತೊಮ್ಮೆ ಹೇಳಿದ, ಎದ್ದರು, ರಾತ್ರಿಯಲ್ಲೇ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ನಡೆದರು. ಮತ್ತಾಯನ ಮೊದಲ ಎರಡು ಅಧ್ಯಾಯದಲ್ಲಿ ಅವರ ಕೆಲಸ ಏಳುವುದು, ಹೊರಡುವುದು, ಅಷ್ಟೇ.

9ನೇ ಪಯಸ್ ಪೋಪರು 1870ರ ಡಿಸೆಂಬರ್ 8ರಂದು ಅವರನ್ನು ಇಡೀ ಧರ್ಮಸಭೆಯ ಪಾಲಕರು ಅಂತ ಸಾರಿದರು. ಅದಕ್ಕೆ 150 ವರ್ಷ ತುಂಬಿದಾಗ ಪೋಪ್ ಫ್ರಾನ್ಸಿಸರು 2020ರ ಡಿಸೆಂಬರ್ 8ರಿಂದ ಒಂದು ವರ್ಷವನ್ನೇ ಜೋಸೆಫರಿಗೆ ಮೀಸಲಿಟ್ಟರು. ಮಂಗಳೂರಿನಲ್ಲಿ ಪಾದ್ರಿಗಳಾಗುವವರು ಓದುವ ಜೆಪ್ಪುವಿನ ಸೆಮಿನರಿಗೂ ಅವರದ್ದೇ ಹೆಸರು. ಪ್ರೊಟೆಸ್ಟಂಟರು ಹಾಗೆ ಹಬ್ಬ ಮಾಡುವುದಿಲ್ಲ, ನಮ್ಮ ತವರಿನ ಬೈಬಲ್‌ನಲ್ಲಿ ಅವರು ಯೋಸೇಫ. ಆದರೆ ಕ್ರಿಸ್ಮಸ್ ನಾಟಕದಲ್ಲಿ ಯೋಸೇಫನ ಪಾತ್ರಕ್ಕೆ ಮಾತಿಲ್ಲ ಅಂತ ಯಾವ ಹುಡುಗನೂ ಒಪ್ಪುವುದಿಲ್ಲ, ಅದು ಎರಡೂ ಕಡೆ ಒಂದೇ.

"ಯಾರನ್ನೂ ತಂದೆ ಅಂತ ಕರೀಬೇಡಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಹಾಗಾದ್ರೆ ಪಾದ್ರಿಯನ್ನು ಫಾದರ್ ಅನ್ನೋದು?"

ಮತ್ತಾಯ 23:9. ಹೊಸದಾಗಿ ಬೇರೆ ಸಭೆಗೆ ಹೋದವರು ಹಳೇ ಸ್ನೇಹಿತರಿಗೆ ಕಳಿಸುವ ಮೊದಲ ಮೆಸೇಜ್ ಇದೇ ಇರುತ್ತದೆ. ಆ ಅಧ್ಯಾಯ ಪೂರ್ತಿ ಓದಿ. ಮುಂದಿನ ಸಾಲಿನ ಕುರ್ಚಿ, ಪೇಟೆಯಲ್ಲಿ ನಮಸ್ಕಾರ, ದೊಡ್ಡ ಬಿರುದು ಬಯಸುವವರ ಬಗ್ಗೆ ಆ ಮಾತು. ಬರೀ ಪದಕ್ಕೇ ನಿಷೇಧ ಅಂತಾದರೆ ಮನೆಯ ಅಪ್ಪನನ್ನೂ ಅಪ್ಪ ಅನ್ನುವ ಹಾಗಿಲ್ಲ. ಪೌಲನೇ ಕೊರಿಂಥದವರಿಗೆ ಸುವಾರ್ತೆಯ ಮೂಲಕ ನಾನು ನಿಮಗೆ ತಂದೆಯಾದೆ ಅಂತ ಬರೆದಿದ್ದಾನೆ. ಕೊಂಕಣಿಯಲ್ಲಿ ಪಾದ್ರಿಗಳ ಹೆಸರಿನ ಜೊತೆ ಬಾಪ್ ಅಂತಲೇ ಹಾಕುತ್ತಾರೆ. ಹಾಗೆ ಕರೆಸಿಕೊಂಡವರು ಅಪ್ಪನ ಹಾಗೆ ನಡೆದುಕೊಳ್ಳುತ್ತಾರಾ ಅನ್ನುವುದು ಅವರಿಗೆ ಬಿಟ್ಟ ಪ್ರಶ್ನೆ.

"ದೇವರು ತಂದೆ ಮಾತ್ರ ಯಾಕೆ, ತಾಯಿ ಯಾಕಲ್ಲ?"

ಹತ್ತು ವರ್ಷದ ಹುಡುಗಿ ಕೇಳಿದ್ದು. ಯೇಸು ತಂದೆ ಎಂದು ಕರೆದು ಪ್ರಾರ್ಥಿಸಲು ಕಲಿಸಿದರು, ಅದು ಹಾಗೇ ಇರಲಿ. ಆದರೆ ತಾಯಿ ಸಂತೈಸುವ ಹಾಗೆ ನಿಮ್ಮನ್ನು ಸಂತೈಸುತ್ತೇನೆ ಅಂತ ಯೆಶಾಯ 66:13ರಲ್ಲಿ ದೇವರೇ ಹೇಳುತ್ತಾರೆ. ಯೇಸು ಜೆರುಸಲೇಮನ್ನು ನೋಡಿ, ಕೋಳಿ ಮರಿಗಳನ್ನು ರೆಕ್ಕೆಯಡಿ ಸೇರಿಸುವ ಹಾಗೆ ನಿನ್ನ ಮಕ್ಕಳನ್ನು ಸೇರಿಸಲು ನನಗೆ ಎಷ್ಟೋ ಸಲ ಮನಸ್ಸಿತ್ತು ಅಂದರು. ತುಳುವಿನಲ್ಲಿ ಅಮ್ಮೆ ಅಂದರೆ ಅಪ್ಪ, ಅಪ್ಪೆ ಅಂದರೆ ಅಮ್ಮ. ಘಟ್ಟದ ಮೇಲಿನಿಂದ ಬಂದವರಿಗೆ ತಲೆ ತಿರುಗುತ್ತದೆ. ಆ ಹುಡುಗಿಗೆ ಇದನ್ನೇ ಹೇಳಿದೆ, ನಕ್ಕಳು.

## ಮನೆಯೊಳಗಿನವು

"ಬೈಬಲ್‌ನಲ್ಲೇ ಬೆತ್ತ ಅಂತ ಉಂಟು. ಮಕ್ಕಳಿಗೆ ಎರಡು ಕೊಟ್ಟರೆ ತಪ್ಪೇನು?"

ಜ್ಞಾನೋಕ್ತಿ 13:24. ಅಪ್ಪಂದಿರಿಗೆ ಇಡೀ ಬೈಬಲ್‌ನಲ್ಲಿ ಇದೊಂದು ವಚನ ಮಾತ್ರ ಬಾಯಿಗೆ ಬರುತ್ತದೆ. ಅಲ್ಲಿ ಬೆತ್ತಕ್ಕೆ ಇರುವ ಹೀಬ್ರೂ ಪದವೇ 23ನೇ ಕೀರ್ತನೆಯಲ್ಲಿ ಕುರುಬನ ಕೈಯಲ್ಲಿದೆ, ಅಲ್ಲಿ ಅದು ಧೈರ್ಯ ಕೊಡುತ್ತದೆ. ಕುರುಬ ಆ ಕೋಲನ್ನು ಕುರಿಗೆ ಬಾಸುಂಡೆ ಬರಿಸಲು ಇಟ್ಟುಕೊಂಡದ್ದಾ? ಇನ್ನು ಪೌಲ ಎಫೆಸ 6:4ರಲ್ಲಿ ತಂದೆಗಳಿಗೇ ನೇರ ಹೇಳುತ್ತಾನೆ: ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬೇಡಿ. ಕೊಲೊಸ್ಸೆ 3:21ರಲ್ಲಿ ಕಾರಣವನ್ನೂ ಕೊಡುತ್ತಾನೆ: ಅವರು ಮನಗುಂದುತ್ತಾರೆ. ಇದನ್ನು ಬರೆದದ್ದು ರೋಮನ್ ಕಾಲದಲ್ಲಿ, ಆಗಿನ ಕಾನೂನಿನಲ್ಲಿ ಮಕ್ಕಳ ಜೀವದ ಮೇಲೂ ಅಪ್ಪನಿಗೆ ಹಕ್ಕಿತ್ತು. ಅಂಥ ಅಪ್ಪಂದಿರ ಎದುರು ಈ ಪತ್ರ ಓದಿದಾಗ ಸಭೆಯಲ್ಲಿ ಹೇಗಿದ್ದಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಹಾಗಂತ ಸುಮ್ನೆ ಬಿಟ್ಟುಬಿಡುವುದೂ ಅಪ್ಪನ ಕೆಲಸ ಅಲ್ಲ. ಯಾಜಕ ಏಲಿಯ ಮಕ್ಕಳು ದೇವರಿಗೆ ಬಂದ ಮಾಂಸಕ್ಕೇ ಕೈ ಹಾಕಿದರು, ಏಲಿ ಬಾಯಲ್ಲಿ ಬೈದರೇ ಹೊರತು ತಡೆಯಲಿಲ್ಲ. 1 ಸಮುವೇಲ 3ರಲ್ಲಿ ದೇವರು ಆ ತಡೆಯದಿದ್ದದ್ದಕ್ಕೇ ಅವರನ್ನು ಹಿಡಿಯುತ್ತಾರೆ. ಕೈ ಹಿಡಿದು ನಿಲ್ಲಿಸುವುದಕ್ಕೂ ಕೈ ಎತ್ತುವುದಕ್ಕೂ ವ್ಯತ್ಯಾಸ ಇದೆ. ನಾನೂ ಒಮ್ಮೆ ಮಾರ್ಕ್ಸ್ ಕಾರ್ಡ್ ನೋಡಿ ಮಗನಿಗೆ ಹೊಡೆದಿದ್ದೆ. ಮುಂದಿನ ಕಾರ್ಡ್ ಮೂರು ವಾರದ ನಂತರ ಅಕ್ಕಿ ಡಬ್ಬದ ಅಡಿಯಲ್ಲಿ ಸಿಕ್ಕಿತು. ಹೊಡೆತದಿಂದ ಅವನು ಕಲಿತದ್ದು ಬಚ್ಚಿಡುವುದನ್ನು.

"ನಾನು ಕುವೈತ್‌ನಲ್ಲಿ. ವರ್ಷಕ್ಕೆ ಮೂವತ್ತು ದಿನ ಊರು. ಮಗಳಿಗೆ ನಾನು ಅಪ್ಪನಾ ಎಟಿಎಮ್ಮಾ?"

ಈ ಪ್ರಶ್ನೆ ಕೇಳುವ ಗಂಡಸು ಎಟಿಎಂ ಅಲ್ಲ. ದುಡಿದು ಕಳಿಸುವುದನ್ನು ಸಣ್ಣದು ಮಾಡಬೇಡಿ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ 1 ತಿಮೊಥೆಯ 5:8 ಖಾರವಾಗಿಯೇ ಹೇಳುತ್ತದೆ, ನೀವು ಆ ಸಾಲಿನವರಲ್ಲ.

ಆದರೆ ಹಣ ಕಳಿಸುವವರಿಗೆ ಒಂದು ಅಪಾಯ ಇದೆ. ಮಕ್ಕಳ ವಿಷಯದಲ್ಲಿ ಬರೀ ತೀರ್ಪು ಹೇಳುವವರಾಗುತ್ತಾರೆ. ಫೋನ್ ಎತ್ತಿದ ಕೂಡಲೇ ಮಾರ್ಕ್ಸ್ ಎಷ್ಟು, ಯಾರ ಜೊತೆ ತಿರುಗುತ್ತಿದ್ದೀ. ಕೆಥೊಲಿಕ್ ಮನೆಗಳಲ್ಲಿ ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಮಕ್ಕಳು ದೊಡ್ಡವರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳುವ ಕ್ರಮ ಉಂಟಲ್ಲ, ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಗಳು ಈಗಲೂ ವಿಡಿಯೋ ಕಾಲ್‌ನಲ್ಲಿ ಕೇಳುತ್ತಾಳೆ, ಅಪ್ಪ ಆ ಕಡೆಯಿಂದ ಕೈ ಎತ್ತಿ ಹರಸುತ್ತಾರೆ. ಅಪ್ಪ ಶಿಫ್ಟ್‌ನಲ್ಲಿದ್ದರೆ ಹತ್ತು ಸೆಕೆಂಡ್‌ನಲ್ಲಿ ಮುಗಿಯುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ (ಮರಿಯಮ್ಮನ ಹುಟ್ಟುಹಬ್ಬ, ತೆನೆ ಹಬ್ಬ) ಹೊಸ ತೆನೆಯನ್ನು ಲಕೋಟೆಯಲ್ಲಿಟ್ಟು ವಿದೇಶದಲ್ಲಿರುವವರಿಗೆ ಕಳಿಸುತ್ತಾರೆ, ಆ ಲಕೋಟೆಯ ಮೇಲೆ ವಿಳಾಸ ಬರೆಯುವ ಕೆಲಸ ಮಗಳಿಗೇ ಕೊಡಿ ಅಂತ ಹೆಂಡತಿಗೆ ಹೇಳಿ. ರಜೆಗೆ ಬಂದಾಗ ಮೂವತ್ತು ದಿನವೂ ನೆಂಟರ ಮನೆ, ಮದುವೆ ಹಾಲ್ ಅಂತ ಓಡಬೇಡಿ. ಶಾಲೆಗೆ ಬಿಡುವುದು ಕರೆತರುವುದು ನೀವೇ ಮಾಡಿ. ಸ್ಕೂಟರಿನ ಹಿಂದೆ ಕೂತ ಮಕ್ಕಳು ಎದುರು ಕೂತಾಗಿಗಿಂತ ಜಾಸ್ತಿ ಮಾತಾಡುತ್ತಾರೆ.

"ಮದುವೆ ಆದ ಮೇಲೆ ಅಪ್ಪ ಅಮ್ಮ ಮೊದಲಾ, ಹೆಂಡತಿ ಮೊದಲಾ?"

ಆದಿಕಾಂಡ 2:24ರ ಪ್ರಕಾರ ಪುರುಷನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುತ್ತಾನೆ. ಬಿಡುವುದು ಗಂಡು ಅನ್ನುವುದನ್ನು ಗಮನಿಸಿ, ನಮ್ಮಲ್ಲಿ ನಡೆಯುವುದು ಉಲ್ಟಾ. ಹೊಸ ಮನೆಯ ತೀರ್ಮಾನ ಗಂಡ ಹೆಂಡತಿಯದು. ಅಪ್ಪ ಅಮ್ಮನ ಆರೈಕೆ ಇಬ್ಬರದ್ದೂ, ಮತ್ತು ಅವಳ ಅಪ್ಪ ಅಮ್ಮನಿಗೂ ಅದೇ ಲೆಕ್ಕ. ಅದನ್ನು ಮರೆತು ನನಗೆ ಈ ಪ್ರಶ್ನೆ ಕೇಳುವ ಗಂಡುಮಕ್ಕಳೇ ಜಾಸ್ತಿ.

"ನಮಗೆ ಮಕ್ಕಳಾಗಿಲ್ಲ. ದತ್ತು ತಗೊಂಡರೆ ಅದು ನಮ್ಮದೇ ಅಂತ ಆಗ್ತದಾ? ಕ್ರಿಸ್ತಿಯನ್ನರಿಗೆ ಕಾನೂನಿನಲ್ಲಿ ಅವಕಾಶ ಉಂಟಾ?"

ಯೇಸುವೇ ಜೋಸೆಫರ ರಕ್ತದ ಮಗ ಅಲ್ಲ. ಆದರೂ ಹೆಸರಿಟ್ಟದ್ದು ಜೋಸೆಫರು (ಮತ್ತಾಯ 1:25). ಹೆಸರಿಟ್ಟವನೇ ಅಪ್ಪ. ಊರವರು ಯೇಸುವನ್ನು ಇವನು ಆ ಬಡಗಿಯ ಮಗ ಅಲ್ವಾ ಅಂತಲೇ ಗುರುತಿಸಿದರು, ದಾವೀದನ ವಂಶ ಅಂತ ಎಣಿಸಿದ್ದೂ ಜೋಸೆಫರ ಕಡೆಯಿಂದ.

ಕಾನೂನಿನ ಮಾತಿಗೆ ಬಂದರೆ, ಹಿಂದೆ ಕ್ರೈಸ್ತರು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಬರೀ ಪೋಷಕರಾಗಬಹುದಿತ್ತು. ಈಗ 2015ರ ಬಾಲ ನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ಪೂರ್ತಿ ಅಪ್ಪ ಅಮ್ಮ ಆಗಬಹುದು. ಕಾರಾ (ಕೇಂದ್ರ ಸರ್ಕಾರದ ದತ್ತು ಸಂಸ್ಥೆ) ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕು, ಕಾಯಬೇಕು, ಕೊನೆಗೆ ಆದೇಶ ಕೊಡುವುದು ಜಿಲ್ಲಾಧಿಕಾರಿ. ಯಾವುದೋ ಆಸ್ಪತ್ರೆಯಿಂದ, ಯಾರೋ ಪರಿಚಯದವರಿಂದ ನೇರ ಮಗು ತರುವ ದಾರಿಗೆ ಮಾತ್ರ ಹೋಗಬೇಡಿ. ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಅದು ಅಪರಾಧ.

"ಅಪ್ಪ ಬಿಟ್ಟು ಹೋಗಿದ್ದಾರೆ, ಅಮ್ಮ ಬೀಡಿ ಕಟ್ಟಿ ಸಾಕಿದ್ದು. ಫಾದರ್ಸ್ ಡೇ ದಿನ ಚರ್ಚಿಗೆ ಹೋಗ್ಲಿಕ್ಕೇ ಮನಸ್ಸು ಬರುದಿಲ್ಲ."

ಹೋಗದಿದ್ದರೆ ಪರವಾಗಿಲ್ಲ, ಮುಂದಿನ ವಾರ ಬನ್ನಿ. 27ನೇ ಕೀರ್ತನೆಯ ಹತ್ತನೇ ವಚನ ತಂದೆತಾಯಿ ತೊರೆದುಬಿಟ್ಟ ಒಬ್ಬನದೇ ಮಾತು. ಹಾಗೆ ಆಗುವುದುಂಟು ಅಂತ ಬೈಬಲ್‌ಗೆ ಗೊತ್ತು. ಕಾರ್ಯಕ್ರಮ ಮಾಡುವವರಿಗೂ ಒಂದು ಮಾತು: ಮಕ್ಕಳನ್ನೆಲ್ಲ ಎಬ್ಬಿಸಿ ಹೋಗಿ ಅಪ್ಪನಿಗೆ ಹೂ ಕೊಡಿ ಅನ್ನಬೇಡಿ. ಕೂತೇ ಇರುವ ಒಂದು ಮಗು ಇರುತ್ತದೆ.

"ಅಜ್ಜ ಅಜ್ಜಿಗೂ ಈ ಆಜ್ಞೆ ಅನ್ವಯ ಆಗ್ತದಾ?"

ಆಗುತ್ತದೆ. 1 ತಿಮೊಥೆಯ 5:4 ಮೊಮ್ಮಕ್ಕಳನ್ನೂ ಸೇರಿಸಿಯೇ ಹೇಳುತ್ತದೆ. ಕೆಥೊಲಿಕರಲ್ಲಿ ಮರಿಯಮ್ಮನ ತಂದೆತಾಯಿ ಜೋಕಿಮ್ ಮತ್ತು ಆನ್ನಾರ ಹಬ್ಬ ಜುಲೈ 26. 2021ರಿಂದ ಜುಲೈ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ದಿನ ಅಂತ ಆಚರಿಸುತ್ತಾರೆ.

## ಕಷ್ಟದವು

"ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೀತಾರೆ. ಇವರಿಗೂ ಮರ್ಯಾದೆ ಕೊಡ್ಬೇಕಾ?"

ಇದನ್ನು ಕೇಳುವಾಗ ಯಾರೂ ಜೋರಾಗಿ ಕೇಳುವುದಿಲ್ಲ. ಪಾಠ ಮುಗಿದ ಮೇಲೆ ಚಪ್ಪಲಿ ಹಾಕುವ ನೆಪದಲ್ಲಿ ಉಳಿದುಕೊಂಡು ಕೇಳುತ್ತಾರೆ.

ಮೊದಲು ಅಮ್ಮ ಮತ್ತು ಮಕ್ಕಳು ಸುರಕ್ಷಿತ ಜಾಗದಲ್ಲಿರಬೇಕು. ಉಳಿದದ್ದೆಲ್ಲ ಆಮೇಲೆ. ಹೊಡೆತ ನಡೆಯುತ್ತಿದ್ದರೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಪೊಲೀಸರಿಗೆ ಫೋನ್ ಮಾಡಿದರೆ ಆಜ್ಞೆ ಮೀರಿದ ಹಾಗೆ ಆಗುವುದಿಲ್ಲ. ಅದೇ ಆಜ್ಞೆಯಲ್ಲಿ ತಾಯಿಯ ಹೆಸರೂ ಉಂಟು, ಅವಳನ್ನು ಕಾಪಾಡುವುದೂ ಅದರಲ್ಲೇ ಬಂತು.

ಇಲ್ಲಿ ಹಿರಿಯರು ಸಾಮಾನ್ಯವಾಗಿ ನೋಹನ ಕಥೆ ತೆಗೆಯುತ್ತಾರೆ. ನೋಹ ಕುಡಿದು ಗುಡಾರದಲ್ಲಿ ಬೆತ್ತಲೆ ಬಿದ್ದಿದ್ದ. ಹಾಮ್ ನೋಡಿ ಹೊರಗೆ ಹೋಗಿ ಹೇಳಿದ. ಶೇಮ್ ಮತ್ತು ಯೆಫೆತ್ ಹಿಂದೆ ಹಿಂದೆ ನಡೆದು ಹೋಗಿ ಬಟ್ಟೆ ಹೊದಿಸಿದರು. ಹಾಗಾಗಿ ಅಪ್ಪನ ಮಾನ ಮುಚ್ಚಬೇಕು ಅನ್ನುತ್ತಾರೆ. ನಾನು ಒಂದು ಪ್ರಶ್ನೆ ಕೇಳುತ್ತೇನೆ: ನೋಹ ಆ ದಿನ ಯಾರಿಗೆ ಹೊಡೆದಿದ್ದ? ಯಾರಿಗೂ ಇಲ್ಲ. ಅವನ ಅವಮಾನ ಅವನದ್ದು ಮಾತ್ರ, ಅದಕ್ಕೆ ಬಟ್ಟೆ ಸಾಕಾಯಿತು. ಅಮ್ಮನ ಮುಖದ ಬಾವು ಅಪ್ಪನ ಖಾಸಗಿ ಮಾನ ಅಲ್ಲ. ಆ ಬಟ್ಟೆ ಇಲ್ಲಿಗೆ ಎಳೆಯಬೇಡಿ.

ಹಾಗಾದರೆ ಅವರಿಗೆ ಕೊಡಬೇಕಾದ ತೂಕ ಏನು? ಅವರ ಕುಡಿತವನ್ನು ಕುಡಿತ ಅಂತಲೇ ಹೇಳುವುದು. ಆಸ್ಪತ್ರೆಗೆ, ಮದ್ಯವರ್ಜನ ಶಿಬಿರಕ್ಕೆ, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಗುಂಪಿಗೆ ಕರೆದುಕೊಂಡು ಹೋಗಲು ತಯಾರಿರುವುದು, ಬಾಟಲಿಗೆ ಮಾತ್ರ ಒಂದು ರೂಪಾಯಿಯೂ ಕೊಡದಿರುವುದು. ಪೇಟೆಯಲ್ಲಿ ಅವರ ನಡಿಗೆ ಅನುಕರಿಸಿ ನಗಿಸದಿರುವುದು. ಪ್ರೀತಿ ಹುಟ್ಟದಿದ್ದರೆ ನಟಿಸಬೇಕಾಗಿಲ್ಲ, ಆಜ್ಞೆ ಕೇಳಿದ್ದು ಅದನ್ನಲ್ಲ. ಕ್ಷಮೆಗೂ ಒಟ್ಟಿಗೆ ವಾಸ ಮಾಡುವುದಕ್ಕೂ ಗಂಟು ಹಾಕಬೇಡಿ. ನಾನೂ ಅಪ್ಪನ ಹಾಗೇ ಆಗ್ತೇನಾ ಅಂತ ಹೆದರುವ ಹುಡುಗರಿಗೆ ಯೆಹೆಜ್ಕೇಲ 18ನೇ ಅಧ್ಯಾಯ ಪೂರ್ತಿ ಓದಿ ಅನ್ನುತ್ತೇನೆ. ತಂದೆಯ ಪಾಪದ ಹೊರೆಯನ್ನು ಮಗ ಹೊರುವುದಿಲ್ಲ ಅಂತ ಅಲ್ಲಿ ಎಷ್ಟು ಬಿಡಿಸಿ ಹೇಳಿದ್ದಾರೆ ಅಂದರೆ, ಆ ಕಾಲದಲ್ಲೂ ಈ ಪ್ರಶ್ನೆ ಪದೇ ಪದೇ ಬರುತ್ತಿತ್ತು ಅಂತ ಗೊತ್ತಾಗುತ್ತದೆ.

"ದಶಮಾಂಶ ಚರ್ಚಿಗೆ ಕೊಡ್ಲಿಕ್ಕೆ ಉಂಟು, ಈ ತಿಂಗಳು ಅಪ್ಪನ ಡಯಾಲಿಸಿಸ್‌ಗೂ ಬೇಕು. ಯಾವುದು ಮೊದಲು?"

ಅಪ್ಪ. ಮಾರ್ಕ 7:9ರಿಂದ 13. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು ಕೊರ್ಬಾನ್, ದೇವರಿಗೆ ಮೀಸಲು ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದವರಿಗೆ ಯೇಸು ಕೊಟ್ಟ ಪೆಟ್ಟು ಅದು. ನಿಮ್ಮ ಪಾದ್ರಿಗೋ ಸಭಾಪಾಲಕರಿಗೋ ವಿಷಯ ಹೇಳಿ. ಒಳ್ಳೆಯವರಾದರೆ ಚರ್ಚ್ ಕಡೆಯಿಂದಲೇ ಸಹಾಯ ನೋಡುತ್ತಾರೆ.

"ಅಪ್ಪನಿಗೆ ಮರೆವಿನ ಕಾಯಿಲೆ. ನಾನು ಇಸ್ರೇಲ್‌ನಲ್ಲಿ ಕೇರ್‌ಗಿವರ್. ಊರಲ್ಲಿ ಹೋಮ್ ಸೇರಿಸಿದ್ರೆ ಪಾಪವಾ?"

ನಮ್ಮ ಎರಡು ಜಿಲ್ಲೆಯಿಂದ ಎಷ್ಟು ಜನ ಹೀಗೆ ಹೋಗಿದ್ದಾರೆ! ಅಲ್ಲಿ ಬೇರೆಯವರ ಅಪ್ಪನನ್ನು ಸ್ನಾನ ಮಾಡಿಸಿ ಉಣ್ಣಿಸಿ, ಅದರ ಸಂಬಳದಲ್ಲಿ ಇಲ್ಲಿ ತನ್ನ ಅಪ್ಪನಿಗೆ ಹೋಮ್ ನರ್ಸ್ ಇಡುವುದು. ಇದನ್ನು ನೋಡಿ ಮೂಗು ಮುರಿಯುವವರಿಗೆ ಆ ಮನೆಯ ಸಾಲದ ಲೆಕ್ಕ ಗೊತ್ತಿರುವುದಿಲ್ಲ.

ಕೆಥೊಲಿಕ್ ಬೈಬಲ್‌ನಲ್ಲಿ ಸಿರಾಖ ಅಂತ ಒಂದು ಪುಸ್ತಕ ಉಂಟು. ಪ್ರೊಟೆಸ್ಟಂಟರು ಅದನ್ನು ಬೈಬಲ್‌ನ ಭಾಗ ಅಂತ ಸೇರಿಸುವುದಿಲ್ಲ, ಆದರೆ ಓದಿದರೆ ನಷ್ಟ ಏನಿಲ್ಲ. ಅದರ ಮೂರನೇ ಅಧ್ಯಾಯದಲ್ಲಿ, ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು, ನಿನ್ನ ಮೈಯಲ್ಲಿ ಶಕ್ತಿ ಇದೆ ಅಂತ ಅವನನ್ನು ಕೀಳು ಮಾಡಬೇಡ ಅಂತ ಬರುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು.

ಹೋಮ್ ಸೇರಿಸುವುದೇ ಪಾಪ ಅಂತ ನಾನು ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆದು ರಸ್ತೆಗೆ ಹೋಗುವ ಮನುಷ್ಯನನ್ನು ಎಪ್ಪತ್ತು ದಾಟಿದ ಅಮ್ಮ ಒಬ್ಬರೇ ಹಿಡಿಯಲು ಆಗುತ್ತದಾ? ಆದರೆ ಸೇರಿಸುವ ಮೊದಲು ಮಧ್ಯಾಹ್ನ ಊಟದ ಹೊತ್ತಿಗೆ, ಹೇಳದೆ ಕೇಳದೆ, ಯಾರನ್ನಾದರೂ ಅಲ್ಲಿಗೆ ಕಳಿಸಿ. ಮೂತ್ರದ ವಾಸನೆ ಇದೆಯಾ, ಗಂಜಿ ಬಿಸಿ ಇದೆಯಾ, ಅಲ್ಲಿದ್ದವರನ್ನು ಹೆಸರು ಹಿಡಿದು ಕರೆಯುತ್ತಾರಾ. ಅಪ್ಪ ಇರುವ ಜಾಗದಲ್ಲಿ ತುಳುವೋ ಕೊಂಕಣಿಯೋ ಆಡುವ ಒಬ್ಬರಾದರೂ ಇರಲಿ. ಮರೆವು ಹೆಚ್ಚಾದ ಹಾಗೆ ಆಮೇಲೆ ಕಲಿತ ಭಾಷೆ ಮೊದಲು ಹೋಗಿ, ಹುಟ್ಟು ಭಾಷೆ ಉಳಿಯುವುದು ಎಷ್ಟೋ ಜನರಲ್ಲಿ ಉಂಟು. ನನ್ನ ಮಾವನಿಗೆ ಕೊನೆಗೆ ನನ್ನ ಹೆಸರು ಮರೆತಿತ್ತು, ಪ್ರಾರ್ಥನೆ ಮಾತ್ರ ಕೊಂಕಣಿಯಲ್ಲಿ ಒಂದಕ್ಷರ ತಪ್ಪದೆ ಬರುತ್ತಿತ್ತು. ನಾಲ್ಕನೇ ಆಜ್ಞೆ ಅಂತಲೇ ಎಣಿಸುತ್ತಿದ್ದರು, ನಾನು ತಿದ್ದಲಿಲ್ಲ.

"ಅಪ್ಪ ವಿಲ್ ಬರೀದೆ ಹೋದ್ರು. ತಂಗಿಗೆ ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ಮತ್ತೆ ಪಾಲು ಯಾಕೆ?"

ಕಾನೂನು ಹಾಗೆ ಹೇಳುವುದರಿಂದ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತ ತಂದೆ ವಿಲ್ ಇಲ್ಲದೆ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಸಮಾನ. ತಿರುವಾಂಕೂರಿನ ಕಡೆ ಕ್ರೈಸ್ತ ಹೆಣ್ಣುಮಕ್ಕಳಿಗೆ ಇದು ಸಿಗಲು ಮೇರಿ ರಾಯ್ ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು, 1986ರಲ್ಲಿ ಗೆದ್ದರು. ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದಾದರೆ ಅದು ಅವಳ ಇಷ್ಟ. ಅಮ್ಮನನ್ನು ಎದುರಿಗೆ ಕೂರಿಸಿ, ಅಳುವ ಹಾಗೆ ಮಾಡಿ ಸಹಿ ಹಾಕಿಸುವುದು ಇಷ್ಟ ಅಲ್ಲ. ಅಣ್ಣನಿಗೆ ಆಸ್ತಿ ಭಾಗ ಮಾಡಲು ಹೇಳಿ ಅಂತ ಒಬ್ಬ ಬಂದಾಗ ಯೇಸು, ನನ್ನನ್ನು ನಿಮಗೆ ನ್ಯಾಯಾಧೀಶ ಅಂತ ಯಾರು ನೇಮಿಸಿದರು ಅಂದುಬಿಟ್ಟರು (ಲೂಕ 12). ನಾನೂ ಇಷ್ಟಕ್ಕೇ ನಿಲ್ಲಿಸುತ್ತೇನೆ, ವಕೀಲರ ಹತ್ತಿರ ಹೋಗಿ.

ಅಪ್ಪಂದಿರಿಗೂ ಹೇಳಬೇಕು. ಬದುಕಿರುವಾಗಲೇ ಮನೆ ಬರೆದುಕೊಡುವುದಾದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆಸಿದ್ದರೆ, ನೋಡಿಕೊಳ್ಳದಿದ್ದಾಗ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ದಾನಪತ್ರ ರದ್ದು ಮಾಡಿಸಬಹುದು. ಹಿರಿಯರ ಸಹಾಯವಾಣಿ 14567.

"ನಾನು ಕ್ರೈಸ್ತಳಾದೆ, ಅಪ್ಪ ಹಿಂದೂ. ತೀರಿಕೊಂಡ್ರೆ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಹೋಗಬಹುದಾ?"

ಹೋಗಿ. ಪೂಜೆ, ಎಡೆ ಇಡುವುದರಲ್ಲಿ ನಿಮ್ಮ ಕೈ ಎಷ್ಟು ಅನ್ನುವುದನ್ನು ನಿಮ್ಮ ಪಾದ್ರಿಯ ಜೊತೆ ಮೊದಲೇ ಮಾತಾಡಿ, ಮನೆಯವರಿಗೂ ಮುಂಚೆಯೇ ಮೆಲ್ಲಗೆ ಹೇಳಿ, ಆ ದಿನ ಅಂಗಳದಲ್ಲಿ ಚರ್ಚೆ ಬೇಡ. ಸಿರಿಯಾದ ಸೇನಾಪತಿ ನಾಮಾನ ಯೆಹೋವನನ್ನು ನಂಬಿದ ಮೇಲೆ ಪ್ರವಾದಿ ಎಲೀಷನ ಹತ್ತಿರ ಇಂಥದ್ದೇ ಪ್ರಶ್ನೆ ಕೇಳಿದ್ದ: ನನ್ನ ದೊರೆ ರಿಮ್ಮೋನನ ಗುಡಿಯಲ್ಲಿ ನನ್ನ ಕೈ ಹಿಡಿದು ಬಗ್ಗುವಾಗ ನಾನೂ ಬಗ್ಗಬೇಕಾಗುತ್ತದೆ, ಅದಕ್ಕೆ ಕ್ಷಮೆ ಉಂಟಾ? ಎಲೀಷ ಉದ್ದ ಭಾಷಣ ಮಾಡಲಿಲ್ಲ. ಸಮಾಧಾನದಿಂದ ಹೋಗು ಅಂದ (2 ಅರಸುಗಳು 5). ಅಡುಗೆಗೆ ಸೌದೆ ತರುವುದು, ಬಂದವರಿಗೆ ನೀರು ಕೊಡುವುದು, ಅಮ್ಮನ ಪಕ್ಕ ಚಾಪೆಯ ಮೇಲೆ ಕೂರುವುದು, ಇದಕ್ಕೆಲ್ಲ ಯಾರ ಅನುಮತಿಯೂ ಬೇಡ.

"ತಂದೆತಾಯಿಯನ್ನು ದ್ವೇಷಿಸದಿದ್ರೆ ನನ್ನ ಶಿಷ್ಯ ಆಗಲಾರ ಅಂತ ಯೇಸು ಹೇಳಿದ್ದು ಯಾಕೆ?"

ಲೂಕ 14:26. ಅದೇ ಮಾತು ಮತ್ತಾಯ 10:37ರಲ್ಲಿ, ನನಗಿಂತ ಹೆಚ್ಚಾಗಿ ಪ್ರೀತಿಸಿದರೆ ಅಂತ ಬರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಹೀಗೆ ಹೇಳಿದವರೇ ಶಿಲುಬೆಯ ಮೇಲಿಂದ ತಾಯಿಯನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು (ಯೋಹಾನ 19). ಈ ವಚನ ಹಿಡಿದುಕೊಂಡು ಅಪ್ಪ ಅಮ್ಮನ ಫೋನ್ ಎತ್ತಬೇಡ ಅಂತ ಯಾವುದಾದರೂ ಗುಂಪು ಹೇಳಿಕೊಟ್ಟರೆ ಆ ಗುಂಪಿನಿಂದ ಎದ್ದು ಬನ್ನಿ.

"ಅಪ್ಪನ ಜೊತೆ ಮಾತು ಬಿಟ್ಟು ಆರು ವರ್ಷ. ಹಾಗೇ ಹೋಗಿಬಿಟ್ರು. ಈಗ ಎಂತ ಮಾಡುದು?"

ಈ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕೆಥೊಲಿಕರು ನವೆಂಬರ್ 2ಕ್ಕೆ ಸಮಾಧಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ, ಸತ್ತವರಿಗಾಗಿ ಪೂಜೆ ಕೊಡುತ್ತಾರೆ. ನಮ್ಮ ತವರಿನ ಕಡೆ ಹಾಗೆ ಪ್ರಾರ್ಥಿಸುವುದಿಲ್ಲ, ದೇವರ ಕೈಗೆ ಒಪ್ಪಿಸಿದೆವು ಅನ್ನುತ್ತೇವೆ. ಯಾವ ಕಡೆಯವರಾದರೂ ಒಂದು ಕೆಲಸ ಮಾಡಬಹುದು. ಅವರಿಗೆ ಹೇಳಬೇಕಾಗಿದ್ದದ್ದನ್ನು, ಜಗಳದ್ದೂ ಸೇರಿಸಿ, ಕಾಗದದಲ್ಲಿ ಬರೆಯಿರಿ. ಆಮೇಲೆ ಅವರ ಸಾಲ ಯಾರ ಹತ್ತಿರವಾದರೂ ಉಳಿದಿದ್ದರೆ ತೀರಿಸಿ. ಅವರ ಹಳೇ ಸ್ನೇಹಿತರೊಬ್ಬರು ಬದುಕಿದ್ದರೆ ಹೋಗಿ ಕೂತು ಕೇಳಿ, ನಿಮಗೆ ಗೊತ್ತಿಲ್ಲದ ಮನುಷ್ಯನ ಕಥೆ ಸಿಗುತ್ತದೆ.

ನನ್ನ ಪಪ್ಪ ಹಂಚಿನ ಕಾರ್ಖಾನೆಯಲ್ಲಿದ್ದರು. ನಾವು ಜಗಳ ಆಡಿರಲಿಲ್ಲ, ಆದರೆ ಮಾತೂ ಜಾಸ್ತಿ ಇರಲಿಲ್ಲ. ಪ್ರತಿ ಕ್ರಿಸ್ಮಸ್‌ಗೆ ಒಂದು ಶರ್ಟ್ ಪೀಸ್ ಕೊಟ್ಟು ಬರುತ್ತಿದ್ದೆ. ತೀರಿಕೊಂಡ ಮೇಲೆ ಕಪಾಟು ತೆಗೆದಾಗ ಹೊಲಿಸದ ಏಳು ಪೀಸ್ ಸಿಕ್ಕಿದವು, ಅದರ ಅಡಿಯಲ್ಲಿ ಒಡೆದ ಹಂಚಿನ ಒಂದು ತುಂಡು. ಸಣ್ಣವಳಿರುವಾಗ ಸ್ಲೇಟ್ ಬದಲಿಗೆ ಅಂತ ಅವರೇ ತಂದುಕೊಟ್ಟದ್ದು. ಅದರ ಮೇಲೆ ಸೀಮೆಸುಣ್ಣದಲ್ಲಿ ನಾನು ಬರೆದ ಅ ಆ ಇ ಈ ಅರ್ಧ ಅಳಿಸಿತ್ತು. ಶರ್ಟ್ ಪೀಸ್‌ಗಳನ್ನು ಮಗನಿಗೆ ಹೊಲಿಸಿದೆ. ಹಂಚು ನನ್ನ ಹತ್ತಿರ ಉಂಟು.